ಸೆಲ್ಫ್ ಬದಲಾಯಿಸಿದ ಪ್ರಸಂಗ

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ‘ಸ್ಟಾರ್ಟರ್ ಮೋಟಾರು’ ಎಂದರೆ ಹುಡುಗರು ಒಂದು ಗಳಿಗೆ ಮುಖ ನೋಡುತ್ತಾರೆ. ‘ಸೆಲ್ಫ್’ ಎನ್ನಬೇಕು. ‘ಸೆಲ್ಫ್ ತಗೊಳ್ತಿಲ್ಲ’, ‘ಸೆಲ್ಫ್ ಹೋಗಿದೆ’, ‘ಒಂದು ಸೆಲ್ಫ್ ಹೊಡೀರಿ ನೋಡೋಣ’ ಇವೇ ಅಲ್ಲಿನ ಮಾತು. ಕೀಲಿ ತಿರುಗಿಸಿದಾಗ ಬ್ಯಾಟರಿಯ ಬಲದಿಂದ ತಿರುಗಿ, ಎಂಜಿನ್ನಿಗೆ ಮೊದಲ ಕೆಲವು ಸುತ್ತುಗಳನ್ನು ಕೊಟ್ಟು, ಅದು ತಾನಾಗಿ ಓಡತೊಡಗಿದ ಕೂಡಲೇ ಹಿಂದೆ ಸರಿದು ಸುಮ್ಮನಾಗುವ ಪುಟ್ಟ ಮೋಟಾರು ಅದು. ದಿನವಿಡೀ ಸೇರಿಸಿದರೂ ಅದರ ದುಡಿಮೆ ಒಂದು ನಿಮಿಷವಾಗದು. ಆದರೆ ಆ ಎರಡು ಸೆಕೆಂಡಿನ ಕೆಲಸ ನಡೆಯದಿದ್ದರೆ ಉಳಿದ ಇಡೀ ಯಂತ್ರ ಬರೀ ಕಬ್ಬಿಣ.

‘ಸೆಲ್ಫ್’ ಎಂಬ ಹೆಸರು ಹೇಗೆ ಬಂತೆಂದು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ನಾನು ಹುಡುಗನಾಗಿದ್ದಾಗ, ಅಂದರೆ 1960ರ ದಶಕದ ಮೊದಲ ವರ್ಷಗಳಲ್ಲಿ, ತೀರ್ಥಹಳ್ಳಿಯ ಬಸ್ಸುಗಳಲ್ಲಿ ಕ್ಲೀನರ್ ಮುಂದುಗಡೆ ಬಾಗಿ ನಿಂತು ಹ್ಯಾಂಡಲ್ ಹೊಡೆಯುತ್ತಿದ್ದುದನ್ನು ಬೆಳಗಿನ ಚಳಿಯಲ್ಲಿ ನಿಂತು ನೋಡುತ್ತಿದ್ದೆವು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಎದುರಿಗೆ ಸುತ್ತಬಾರದು, ಪಕ್ಕದಲ್ಲೇ ಇರಿಸಿಕೊಳ್ಳಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು, ಕೆಲವೊಮ್ಮೆ ಮುಂಗೈಯೇ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಈ ಕಷ್ಟಕ್ಕೆ ಪರಿಹಾರ ಕಂಡುಹಿಡಿದು, 1912ರ ಮಾದರಿಯ ಕ್ಯಾಡಿಲ್ಯಾಕ್ ಕಾರುಗಳಲ್ಲಿ ವಿದ್ಯುತ್ತಿನ ಸ್ಟಾರ್ಟರ್ ಬಂತು. ಆತ ಅದಕ್ಕೆ ಮೊದಲು ಅಂಗಡಿಗಳ ಹಣದ ಯಂತ್ರಕ್ಕೆ, ಅಂದರೆ ಕ್ಯಾಶ್ ರಿಜಿಸ್ಟರಿಗೆ, ಮೋಟಾರು ಜೋಡಿಸಿದ್ದ ಮನುಷ್ಯ. ಪುಟ್ಟ ಮೋಟಾರಾದರೂ ಕೆಲವೇ ಸೆಕೆಂಡುಗಳ ಮಟ್ಟಿಗೆ ತನ್ನ ಅಳವಿಗೆ ಮೀರಿದ ಶಕ್ತಿ ಕೊಡಬಲ್ಲದು, ಆಮೇಲೆ ತಣ್ಣಗಾಗಲು ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ ಎಂಬ ತಿಳಿವಳಿಕೆ ಅವನಿಗೆ ಅಲ್ಲಿಯೇ ಬಂದಿತ್ತು. ಹ್ಯಾಂಡಲ್ ಇಲ್ಲದೆ ತಾನೇ ಸ್ಟಾರ್ಟ್ ಆಗುವುದರಿಂದ ‘ಸೆಲ್ಫ್ ಸ್ಟಾರ್ಟರ್’. ನಮ್ಮವರು ಬಾಲವನ್ನು ಕತ್ತರಿಸಿ ‘ಸೆಲ್ಫ್’ ಎಂದು ಉಳಿಸಿಕೊಂಡರು.

ಈಚೆಗೆ ಮದುವೆಮನೆಯೊಂದರಲ್ಲಿ ಹಳೆಯ ವಿದ್ಯಾರ್ಥಿಗಳು ಮೂರು ನಾಲ್ಕು ಜನ ಸೇರಿದಾಗ, “ಸಾರ್, ಲಾಕ್‌ಡೌನಲ್ಲಿ ನೀವೇ ಕಾರಿನ ಸೆಲ್ಫ್ ಬಿಚ್ಚಿ ಹಾಕಿದ್ರಂತೆ, ಹೌದಾ?” ಎಂದು ಕೇಳಿದರು. ಸುದ್ದಿ ಕೈಯಿಂದ ಕೈಗೆ ಹೋಗುವಾಗ ಬೆಳೆದು, ನಾನು ಇಡೀ ಎಂಜಿನ್ನನ್ನೇ ಇಳಿಸಿದೆ ಎನ್ನುವವರೆಗೆ ಮುಟ್ಟಿದೆಯೆಂದು ತಿಳಿಯಿತು. ನಡೆದದ್ದು ನಡೆದಂತೆ ದಾಖಲಾಗಲಿ ಎಂದು ಬರೆಯುತ್ತಿದ್ದೇನೆ. ಕಥಾನಾಯಕ ನಾನಲ್ಲ. ನಾಯಕನಾದವನು ತನ್ನ ಹೆಸರು ಬರೆಯಕೂಡದೆಂದು ಕಟ್ಟಪ್ಪಣೆ ಮಾಡಿರುವುದರಿಂದ ಅವನನ್ನು ‘ನಮ್ಮ ಶಿಷ್ಯ’ ಎಂದಷ್ಟೇ ಕರೆಯುತ್ತೇನೆ. ಬಲ್ಲವರು ಬಲ್ಲರು.

2020ರ ಫೆಬ್ರವರಿಯಿಂದ ನನ್ನ ಪತ್ನಿಗೆ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಕಿಮೋಥೆರಪಿ ನಡೆಯುತ್ತಿತ್ತು. ಇಪ್ಪತ್ತೊಂದು ದಿನಕ್ಕೊಂದು ಸಲ. ನೆಂಟರಲ್ಲಿ ಅನೇಕರಿಗೆ ಆಗ ಇದನ್ನು ತಿಳಿಸಿರಲಿಲ್ಲ. ಯಾರಿಗೂ ಹೇಳುವುದು ಬೇಡವೆಂದು ಆಕೆಯೇ ಅಂದಿದ್ದಳು. ಈಗ ಬರೆಯಲು ಆಕೆಯ ಒಪ್ಪಿಗೆಯಿದೆ. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಮುಂದಿನ ಸರದಿ ಏಪ್ರಿಲ್ 13ರ ಸೋಮವಾರ. ರಕ್ತದಲ್ಲಿ ಬಿಳಿಯ ಕಣಗಳು ಕಡಿಮೆಯಾಗಿವೆ, ಬೇರೆಯವರು ಕುಳಿತೆದ್ದ ವಾಹನ ಆದಷ್ಟೂ ಬೇಡ, ಸ್ವಂತ ಕಾರಿನಲ್ಲೇ ಕರೆತನ್ನಿ ಎಂದು ವೈದ್ಯರು ಹೇಳಿದ್ದರು. ಆಸ್ಪತ್ರೆಯ ಚೀಟಿ ತೋರಿಸಿ ಪಾಸು ಪಡೆದಾಗಿತ್ತು. ಕಾರು 2006ರ ಮಾರುತಿ 800. ಅರವತ್ತು ಕಿಲೋಮೀಟರಿನಷ್ಟು ದಾರಿ ಅದಕ್ಕೇನೂ ಹೊಸತಲ್ಲ.

ಗುರುವಾರ ಬೆಳಿಗ್ಗೆ, ಗಾಡಿಯನ್ನೊಮ್ಮೆ ಓಡಿಸಿ ಇಡೋಣವೆಂದು ಕೀಲಿ ತಿರುಗಿಸಿದರೆ ‘ಟಕ್’ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದರೆ ಮತ್ತೊಂದು ‘ಟಕ್’. ಎಂಜಿನ್ ಅಲುಗಲಿಲ್ಲ.

ನಮ್ಮ ಮನೆ ರಸ್ತೆಗಿಂತ ತಗ್ಗಿನಲ್ಲಿ, ಗದ್ದೆಯ ಮಟ್ಟದಲ್ಲಿದೆಯೆಂದು ಬಂದವರಿಗೆಲ್ಲ ಗೊತ್ತು. ಇಳಿಜಾರಿದ್ದರೆ ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟು ಹೊರಡಿಸಬಹುದಿತ್ತು. ಇಲ್ಲಿ ಹೊರಗೆ ಹೋಗಬೇಕಾದರೆ ಏರು ಹತ್ತಬೇಕು. ನನಗೆ ಅರವತ್ತೇಳು, ಆಕೆ ಕಾಯಿಲೆಯವಳು, ದೂಡುವವರು ಯಾರು? ಹೇಗೋ ದೂಡಿಸಿ ಹೊರಟರೂ ದಾರಿಯಲ್ಲಿ ಎರಡು ಕಡೆ ತಪಾಸಣೆ, ಎರಡು ಕಡೆಯೂ ಎಂಜಿನ್ ನಿಲ್ಲಿಸಿ ಕಾಗದ ತೋರಿಸಬೇಕು.

ನಮ್ಮ ಶಿಷ್ಯನಿಗೆ ಫೋನು ಮಾಡಿದೆ. 1994ರಲ್ಲಿ ನಮ್ಮ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಅಂಕಗಳು ಚೆನ್ನಾಗಿಯೇ ಇದ್ದವು. ಅದೇ ಬೇಸಗೆಯಲ್ಲಿ ತಂದೆ ತೀರಿಕೊಂಡು, ಕಾಲೇಜಿನ ಮಾತು ಅಲ್ಲಿಗೇ ನಿಂತು, ಶಿವಮೊಗ್ಗದ ಆಟೋ ಎಲೆಕ್ಟ್ರಿಕಲ್ ಅಂಗಡಿಯೊಂದಕ್ಕೆ ಕೆಲಸ ಕಲಿಯಲು ಸೇರಿದ. ಈಗ ಊರಿನಲ್ಲಿ ತನ್ನದೇ ಗ್ಯಾರೇಜು. ಫೋನಿನಲ್ಲಿ ಅವನು ಮೊದಲು ಕೇಳಿದ್ದು, “ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ ಸಾರ್. ಲೈಟು ಮಂಕಾಗ್ತದಾ?” ಎಂದು. ಆಗಲಿಲ್ಲ. ‘ಟಕ್’ ಸದ್ದಿನ ನಡುವೆಯೂ ಬೆಳಕು ಹಾಗೇ ಇತ್ತು. ಬ್ಯಾಟರಿ ಸೊರಗಿದ್ದರೆ ಬೆಳಕು ಕುಗ್ಗಬೇಕು. ಮೋಟಾರು ಸಿಕ್ಕಿಹಾಕಿಕೊಂಡಿದ್ದರೂ ಕುಗ್ಗಬೇಕು, ಏಕೆಂದರೆ ತಿರುಗಲಾರದ ಮೋಟಾರು ನೂರು ಆಂಪಿಯರಿಗೂ ಬಹಳ ಮೀರಿದ ಪ್ರವಾಹವನ್ನು ಹೀರುತ್ತದೆ. ಬೆಳಕು ಸ್ವಲ್ಪವೂ ಅಲುಗದಿದ್ದರೆ ಮೋಟಾರಿನೊಳಕ್ಕೆ ವಿದ್ಯುತ್ತೇ ಹೋಗುತ್ತಿಲ್ಲವೆಂದು ಅರ್ಥ. “ಈಗ ಮರದ ಹಿಡಿಯಿಂದ ಮೋಟಾರಿನ ಮೈಗೆ ಮೆಲ್ಲಗೆ ನಾಲ್ಕು ತಟ್ಟಿ ನೋಡಿ” ಎಂದ. ತಟ್ಟಿದ ಮೇಲೆ ಒಂದು ಸಲ ಎಂಜಿನ್ ಹೊರಟಿತು. “ಕಾರ್ಬನ್ ಸವೆದಿದೆ ಸಾರ್. ತಟ್ಟಿದ್ರೆ ಒಂದ್ಸಲ ಬರ್ತದೆ, ಇನ್ನೊಂದ್ಸಲ ಬರಲ್ಲ. ಅದನ್ನ ನಂಬ್ಕೊಂಡು ಅಮ್ಮಾವ್ರನ್ನ ಕರ್ಕೊಂಡು ಹೋಗ್ಬೇಡಿ.”

ಅವನ ಗ್ಯಾರೇಜು ಮುಚ್ಚಿತ್ತು, ಬಿಡಿಭಾಗದ ಅಂಗಡಿಗಳೂ ಮುಚ್ಚಿದ್ದವು. ಹಾಲಿನ ವ್ಯಾನು, ಆಂಬುಲೆನ್ಸು ಮೊದಲಾದವನ್ನು ರಿಪೇರಿ ಮಾಡಲು ಮಾತ್ರ ಅವನಿಗೆ ಓಡಾಡುವ ಅನುಮತಿಯಿತ್ತು. ಹಿಂದೆ ಗುಜರಿಗೆ ಹೋದ ಒಂದು 800ರಿಂದ ಬಿಚ್ಚಿ, ಹೊಸ ಕಾರ್ಬನ್ನೂ ಬುಷ್ಷೂ ಹಾಕಿಟ್ಟಿದ್ದ ಮೋಟಾರೊಂದು ತನ್ನಲ್ಲಿದೆ, ಶನಿವಾರ ತರುತ್ತೇನೆ ಎಂದ.

ಶನಿವಾರ ಹತ್ತು ಗಂಟೆಗೆ ಬಂದ. ಬಂದವನು ಉಣುಗೋಲಿನಾಚೆಯೇ ಬೈಕು ನಿಲ್ಲಿಸಿದ. ಒಳಗೆ ಬಾರೋ ಎಂದರೆ ಕೈಯಾಡಿಸಿ ಬೇಡವೆಂದ. “ದಿನಾ ಹತ್ತು ಜನರ ಗಾಡಿ ಮುಟ್ಟೋನು ನಾನು. ಅಮ್ಮಾವ್ರು ಇರೋ ಮನೆಗೆ ಬರಬಾರದು ಸಾರ್. ನಾನು ಇಲ್ಲಿಂದ ಹೇಳ್ತೀನಿ, ನೀವು ಬಿಚ್ಚಿ.” ಗೋಣಿತಾಟಿನಲ್ಲಿ ಸುತ್ತಿದ ಮೋಟಾರನ್ನೂ ಸ್ಪ್ಯಾನರುಗಳನ್ನೂ ಒಂದು ಜೊತೆ ದಪ್ಪ ಕೇಬಲ್ಲನ್ನೂ ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಎಲ್ಲವನ್ನೂ ಸೋಪಿನ ನೀರಿನಲ್ಲಿ ಒರೆಸಿ ತಂದಿದ್ದನಂತೆ. ಆದರೂ ಅರ್ಧ ಗಂಟೆ ಬಿಸಿಲಿನಲ್ಲಿ ಬಿಡಿಸಿದ. ಸುಲಿಯದ ತೆಂಗಿನಕಾಯಿಗಿಂತ ತೂಕವಾದ ವಸ್ತು ಅದು.

ಉಣುಗೋಲಿಗೂ ಕಾರಿಗೂ ಇಪ್ಪತ್ತು ಅಡಿ ದೂರ. ಅವನಿಗೆ ಬಾನೆಟ್ಟಿನ ಒಳಗೆ ಏನೂ ಕಾಣುವಂತಿರಲಿಲ್ಲ. ಹಾಗಾಗಿ ನಾನು ಕಂಡದ್ದನ್ನು ಹೇಳಬೇಕು, ಅವನು ಕೇಳಿ ತಿಳಿಯಬೇಕು. “ಏನು ಕಾಣ್ತದೆ ಸಾರ್?” ಎಂಬುದು ಅಂದು ಅವನ ಬಾಯಿಂದ ಐವತ್ತು ಸಲವಾದರೂ ಬಂದೀತು. ನಾನು ಕಂಡದ್ದನ್ನು ಸರಿಯಾಗಿ ವರ್ಣಿಸುವವರೆಗೆ ಮುಂದಿನ ಹೆಜ್ಜೆ ಹೇಳುತ್ತಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತವನಾಗಿ ಹೇಳುತ್ತೇನೆ, ಇಷ್ಟು ತಾಳ್ಮೆಯ ಬೋಧನೆಯನ್ನು ನಾನು ಹೆಚ್ಚು ಕಂಡಿಲ್ಲ.

ಮೊದಲು ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳ ಎರಡೂ ಕಡೆ ಕಲ್ಲು ಕೊಡಿಸಿದ. ಜಾಕ್ ಎತ್ತಿ ಅಡಿಗೆ ಹೋಗುವ ಮಾತೇ ಇಲ್ಲ, ಆದಷ್ಟೂ ಮೇಲಿನಿಂದಲೇ ಎಂದ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದೆಂಬುದು ಅವನು ತನ್ನ ಹುಡುಗರಿಗೆ ಮೊದಲ ದಿನವೇ ಹೇಳುವ ಪಾಠವಂತೆ. ಆಮೇಲೆ ಬ್ಯಾಟರಿ. ಮೈನಸ್ ತಂತಿಯನ್ನು ಮೊದಲು ಬಿಚ್ಚಬೇಕು. ಕಾರಿನ ಮೈಯೆಲ್ಲ ಮೈನಸ್ಸಿಗೆ ಸೇರಿದ್ದು. ಮೈನಸ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಮೈಗೆ ತಗುಲಿದರೂ ಏನೂ ಆಗದು. ಪ್ಲಸ್ ಬಿಚ್ಚುವಾಗ ತಗುಲಿದರೆ ಬ್ಯಾಟರಿಯ ಶಕ್ತಿಯೆಲ್ಲ ಆ ಸ್ಪ್ಯಾನರಿನ ಮೂಲಕವೇ ಹರಿದು ಕಿಡಿಯೇಳುತ್ತದೆ. ಸೆಲ್ಫಿಗೆ ಹೋಗುವ ದಪ್ಪ ತಂತಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ, ತಡೆಯುವವರು ಯಾರೂ ಇಲ್ಲ. “ಜೋಡಿಸುವಾಗ ಉಲ್ಟಾ, ಮೈನಸ್ಸು ಕೊನೆಗೆ” ಎಂದು ಎರಡು ಸಲ ಹೇಳಿಸಿದ, ನನ್ನ ಬಾಯಿಂದಲೇ.

ಬ್ಯಾಟರಿಯನ್ನು ಹೊರತೆಗೆದು ಜಗುಲಿಯ ಮೆಟ್ಟಿಲ ಮೇಲಿಟ್ಟೆ. ತಂದ ಮೋಟಾರನ್ನು ಕೂಡಿಸುವ ಮೊದಲು ನೆಲದ ಮೇಲೇ ಪರೀಕ್ಷಿಸಬೇಕೆಂದ. ಗೋಣಿತಾಟಿನ ಮೇಲೆ ಮೋಟಾರು ಮಲಗಿಸಿ, ಎಡಗಾಲಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಕೇಬಲ್ ಮುಟ್ಟಿಸಿ, ಸೊಲೆನಾಯ್ಡಿನ ತೆಳು ತಂತಿಯ ಮೊಳೆಗೆ ಒಂದು ಕ್ಷಣ ಪ್ಲಸ್ ತಾಗಿಸಿದೆ. ಮೂತಿಯಿಂದ ಹಲ್ಲಿನ ಪುಟ್ಟ ಗಾಲಿ ಚಂಗನೆ ಹೊರಕ್ಕೆ ನೆಗೆದು ಗಿರ್ರೆಂದು ತಿರುಗಿತು, ಕಾಲಡಿಯ ಮೋಟಾರು ಕುದುರೆಯ ಹಾಗೆ ಒದೆಯಿತು. ಉಣುಗೋಲಿನ ಆಚೆಯಿಂದ ನಗು ಕೇಳಿತು. “ಯಾಕೆ ಒದೀತು, ಹೇಳಿ ಸಾರ್ ನೋಡೋಣ!” ನ್ಯೂಟನ್ನನ ಮೂರನೆಯ ನಿಯಮವನ್ನು ಅಂಗಳದಲ್ಲಿ ನಿಂತು ಒಪ್ಪಿಸಿದೆ.

ಹಳೆಯ ಮೋಟಾರು ಎಂಜಿನ್ನೂ ಗೇರ್‌ಬಾಕ್ಸೂ ಕೂಡುವಲ್ಲಿ ಎರಡು ಬೋಲ್ಟುಗಳಲ್ಲಿ ನಿಂತಿತ್ತು. ದಪ್ಪ ತಂತಿಯ ಮೇಲಿನ ರಬ್ಬರ್ ಟೊಪ್ಪಿ ಸರಿಸಿ ನಟ್ಟು ಬಿಚ್ಚಿದೆ. ತೆಳು ತಂತಿಯನ್ನು ಎಳೆದು ತೆಗೆದೆ. ಮೇಲಿನ ಬೋಲ್ಟು ಕಣ್ಣಿಗೆ ಕಾಣುತ್ತಿತ್ತು, ಕೆಳಗಿನದು ಕಾಣುತ್ತಿರಲಿಲ್ಲ. ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ನೋಡುತ್ತಿದ್ದಾಗ, “ಕಣ್ಣು ಮುಚ್ಕೊಳ್ಳಿ ಸಾರ್. ಬೆರಳಿಗೆ ಬಿಡಿ, ಅದು ಹುಡುಕ್ತದೆ” ಎಂದ. ಹುಡುಕಿತು. ಆದರೆ ಬೋಲ್ಟು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ನಾಲ್ಕು ಹನಿ ಬಿಟ್ಟು ಕಾಲು ಗಂಟೆ ಕಾಯಲು ಹೇಳಿದ.

ಆ ಕಾಲು ಗಂಟೆಯಲ್ಲಿ ನಾನು ಜಗುಲಿಯ ಮೇಲೆ ಕುಳಿತು, ಅವನು ಹಲಸಿನ ಮರದಡಿ ಕುಳಿತು, ಜೋರು ದನಿಯಲ್ಲಿ ಮಾತಾಡಿದೆವು. ಗ್ಯಾರೇಜಿನ ಬಾಡಿಗೆ, ಬ್ಯಾಂಕಿನ ಕಂತು, ಕೆಲಸವಿಲ್ಲದಿದ್ದರೂ ಸಂಬಳ ಕೊಡುತ್ತಿದ್ದ ಇಬ್ಬರು ಹುಡುಗರು. ದೂರಿನ ದನಿಯಿರಲಿಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳುತ್ತಿದ್ದ. ಮಧ್ಯೆ ಇದ್ದಕ್ಕಿದ್ದ ಹಾಗೆ ಎಡಗೈ ಎತ್ತಿ, ಹೆಬ್ಬೆರಳು, ತೋರುಬೆರಳು, ನಡುಬೆರಳನ್ನು ಒಂದಕ್ಕೊಂದು ಲಂಬವಾಗಿ ಚಾಚಿ ತೋರಿಸಿದ. ಫ್ಲೆಮಿಂಗನ ಎಡಗೈ ನಿಯಮ! ಕಾಂತಕ್ಷೇತ್ರ, ವಿದ್ಯುತ್ ಪ್ರವಾಹ, ಚಲನೆ. “ಅಂಗಡಿ ಸೇರಿದಾಗ ಮೊದಲು ಬಿಚ್ಚಿದ್ದು ಲಾರಿ ಸೆಲ್ಫು. ಒಳಗಡೆ ಆರ್ಮೇಚರ್ ನೋಡಿ, ಅಯ್ಯೋ, ಇದು ನಮ್ಮ ಸಾರ್ ಬೋರ್ಡ್ ಮೇಲೆ ಬರ್ದಿದ್ದು ಅಂತ ಒಬ್ನೇ ನಕ್ಕಿದ್ದೆ. ಓನರ್ ಬೈದ್ರು.” ನಾನು ಏನು ಹೇಳಲೂ ತೋಚದೆ ಸೀಮೆಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕುಳಿತಿದ್ದೆ.

ಬೋಲ್ಟು ಬಿಚ್ಚುವ ಮೊದಲು ಒಂದು ಎಳೆಯಷ್ಟು ಬಿಗಿಯ ಕಡೆಗೇ ತಿರುಗಿಸಬೇಕಂತೆ. ತುಕ್ಕಿನ ಹಿಡಿತ ಒಡೆಯುತ್ತದೆ. ಹಾಗೆಯೇ ಆಯಿತು. ಎರಡನೆಯ ಬೋಲ್ಟು ಕಳಚುವಾಗ ಮೋಟಾರಿಗೆ ಕೈಯಾಸರೆ ಕೊಟ್ಟು ನೇರವಾಗಿ ಹಿಂದಕ್ಕೆಳೆದೆ, ಮೊಣಕೈ ತರಚಿತು, ಹೊರಬಂತು.

ಇಲ್ಲಿಗೆ ಮುಗಿಯಿತೆಂದುಕೊಂಡೆ, ಅವನು ಬಿಡಲಿಲ್ಲ. ಮೋಟಾರು ಕುಳಿತಿದ್ದ ತೂತಿನಲ್ಲಿ ಟಾರ್ಚ್ ಬಿಟ್ಟು ಫ್ಲೈವೀಲಿನ ಹಲ್ಲುಗಳನ್ನು ನೋಡಿಸಿದ. ಮೋಟಾರಿನ ಪುಟ್ಟ ಗಾಲಿ ಕಚ್ಚಿಕೊಳ್ಳುವುದು ಈ ದೊಡ್ಡ ಬಳೆಯ ಹಲ್ಲುಗಳಿಗೆ. ದೊಡ್ಡದು ಒಂದು ಸುತ್ತು ಬರಲು ಪುಟ್ಟದು ಹತ್ತು ಹದಿನೈದು ಸುತ್ತು ಬರಬೇಕು. ಆದ್ದರಿಂದಲೇ ಪುಟ್ಟ ಮೋಟಾರು ಎಂಜಿನ್ನನ್ನು ಅಲ್ಲಾಡಿಸಬಲ್ಲದು. “ಎಷ್ಟು ಹಲ್ಲು ಕಾಣ್ತವೆ?” “ನಾಲ್ಕೈದು. ಚೆನ್ನಾಗಿವೆ.” “ಸಾಲದು ಸಾರ್. ಮೂರು ಸಿಲಿಂಡರಿನ ಎಂಜಿನ್ನು ಹೆಚ್ಚಾಗಿ ಮೂರೇ ಜಾಗದಲ್ಲಿ ಬಂದು ನಿಲ್ತದೆ, ಅಲ್ಲೇ ಸೆಲ್ಫ್ ಬಂದು ಕಚ್ಚೋದು. ಸವೆಯೋದೂ ಅಲ್ಲೇ.” ಹಾಗಾಗಿ ಟಾಪ್ ಗೇರ್ ಹಾಕಿ, ಕಲ್ಲು ತೆಗೆದು, ಕಾರನ್ನು ಅಂಗಳದಲ್ಲಿ ಅರ್ಧರ್ಧ ಅಡಿ ದೂಡುತ್ತ ಬಳೆಯನ್ನು ಪೂರ್ತಿ ಒಂದು ಸುತ್ತು ನೋಡಿದೆವು. ನನ್ನ ಪತ್ನಿ, ತಲೆಗೆ ಹತ್ತಿಯ ವಸ್ತ್ರ ಸುತ್ತಿಕೊಂಡು, ಡ್ರೈವರ್ ಸೀಟಿನಲ್ಲಿ ಕುಳಿತು ಹೇಳಿದಾಗಲೆಲ್ಲ ಬ್ರೇಕ್ ಒತ್ತಿದಳು. ಮದುವೆಯಾಗಿ ನಲವತ್ತು ವರ್ಷವಾದರೂ ಆಕೆ ಆ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು. ಎರಡು ಕಡೆ ಅಂಚು ಸವೆದಿತ್ತು, ಮುರಿದಿರಲಿಲ್ಲ. “ನಡೀತದೆ” ಎಂದು ತೀರ್ಪಿತ್ತ.

ಕೂಡಿಸುವುದು ಬೇಗ ಆಯಿತು. ಮೋಟಾರು ಕುಳಿತುಕೊಳ್ಳುವ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸಬೇಕು. ಮೋಟಾರಿನ ವಿದ್ಯುತ್ತು ಹಿಂದಿರುಗುವುದು ಆ ಲೋಹದ ಮೂಲಕವೇ, ಪ್ರತ್ಯೇಕ ಮೈನಸ್ ತಂತಿಯಿಲ್ಲ. ಬೋಲ್ಟುಗಳನ್ನು ಮೊದಲು ಬೆರಳಲ್ಲೇ ನಾಲ್ಕು ಸುತ್ತು ಹತ್ತಿಸಿ, ಆಮೇಲೆ ಸ್ಪ್ಯಾನರ್. ದಪ್ಪ ತಂತಿ, ರಬ್ಬರ್ ಟೊಪ್ಪಿ, ತೆಳು ತಂತಿ. ಬ್ಯಾಟರಿಯ ಪ್ಲಸ್, ಕೊನೆಗೆ ಮೈನಸ್.

“ನ್ಯೂಟ್ರಲ್ ಇದೆಯಾ ನೋಡ್ಕೊಳ್ಳಿ. ಅಮ್ಮಾವ್ರೇ, ಕ್ಲಚ್ ಒತ್ತಿ, ಕೀ ತಿರುಗ್ಸಿ. ಬಂದ ಕೂಡ್ಲೇ ಬಿಟ್ಬಿಡಿ.”

ಆಕೆ ನನ್ನ ಮುಖ ನೋಡಿ, “ತಿರುಗಿಸಲಾ?” ಎಂದಳು. ಹೂಂ ಎಂದೆ. ಕೀಲಿ ತಿರುಗಿತು, ಎಂಜಿನ್ ಒಂದೇ ಸಲಕ್ಕೆ ಹೊರಟಿತು. ಅವನು ಉಣುಗೋಲಿನ ಮೇಲೆ ಎರಡು ಸಲ ತಟ್ಟಿದ. ಆಕೆ ಆರಿಸಿ ಮತ್ತೆ ಹೊಡೆದಳು, ಮತ್ತೆ ಆರಿಸಿ ಮತ್ತೆ ಹೊಡೆದಳು. ಐದನೆಯ ಸಲಕ್ಕೆ ನಾನೇ ಸಾಕೆಂದೆ. “ಇರಿ, ಸೋಮವಾರ ಎಷ್ಟು ಸಲ ನಿಲ್ಲಿಸ್ಬೇಕೋ ಅಷ್ಟು ಸಲ ನೋಡ್ಬಿಡ್ತೀನಿ” ಎಂದಳು.

ಆ ಸೋಮವಾರ ಬೆಳಗಿನ ಜಾವ ಹೊರಟೆವು. ಮಂಡಗದ್ದೆಯ ಹತ್ತಿರ ತುಂಗೆ ಬೇಸಗೆಯಿಂದ ಸೊರಗಿ ಹರಿಯುತ್ತಿದ್ದಳು. ರಸ್ತೆಯಲ್ಲಿ ಎದುರಾದದ್ದು ಹಾಲಿನ ವ್ಯಾನು ಮತ್ತು ಎರಡು ಬೈಕು. ತಪಾಸಣೆಯ ಎರಡು ಕಡೆಯೂ ಎಂಜಿನ್ ಆರಿಸಿ, ಚೀಟಿ ತೋರಿಸಿ, ಮತ್ತೆ ಹೊರಡಿಸಿದೆ. ಒಂಬತ್ತಕ್ಕೆ ಮುಂಚೆ ಆಸ್ಪತ್ರೆಯಲ್ಲಿದ್ದೆವು. ನಿಗದಿಯಾದ ಆರು ಸರದಿಗಳೂ ಒಂದೂ ತಪ್ಪದೆ ಆ ಬೇಸಗೆಯಲ್ಲಿ ಮುಗಿದವು. ಆಕೆ ಈಗ ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತಾಳೆ. ನಾನು ಇದನ್ನು ಟೈಪು ಮಾಡುತ್ತಿರುವಾಗ ಅಡುಗೆಮನೆಯಿಂದ ಎರಡು ಸಲ ಕೂಗಿಯಾಗಿದೆ.

ಮಗ ಪುಣೆಯಿಂದ ಫೋನು ಮಾಡಿದಾಗಲೆಲ್ಲ, ಆ ಹಳೆಯ ಗಾಡಿಯನ್ನು ಮಾರಿಬಿಡಿ ಎನ್ನುತ್ತಾನೆ. ಅವನ ಮಾತಿನಲ್ಲೂ ನ್ಯಾಯವಿದೆ. 800ರ ತಯಾರಿಕೆ ನಿಂತದ್ದು 2014ರಲ್ಲಿ. ಅವನೇ ಕೊಂಡ ವಿದ್ಯುತ್ ಕಾರಿನಲ್ಲಿ ಸೆಲ್ಫ್ ಎಂಬುದೇ ಇಲ್ಲ, ಎಬ್ಬಿಸಲು ಅಲ್ಲಿ ಎಂಜಿನ್ನೇ ಇಲ್ಲವಲ್ಲ! ಓದುವವರಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು. ಕೀಲಿಯನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಹೊರಡದಿದ್ದರೆ ಅರ್ಧ ನಿಮಿಷ ಬಿಟ್ಟು ನೋಡಿ. ಆ ಮೋಟಾರು ಓಡುತ್ತಲೇ ಇರಲೆಂದು ಮಾಡಿದ್ದಲ್ಲ, ಬೇಗ ಕಾದುಬಿಡುತ್ತದೆ.

ಜೂನ್ ತಿಂಗಳಲ್ಲಿ ನಮ್ಮ ಶಿಷ್ಯ ಬಂದು, ಹಳೆಯ ಮೋಟಾರನ್ನು ಜಗುಲಿಯ ಮೇಲೆ ಬಿಚ್ಚಿ ತೋರಿಸಿದ. ಕಾರ್ಬನ್ನುಗಳಲ್ಲಿ ಎರಡು ಬಳಪದ ತುಣುಕಿನಷ್ಟಾಗಿದ್ದವು, ಸ್ಪ್ರಿಂಗು ಒತ್ತಿದರೂ ಆರ್ಮೇಚರನ್ನು ಮುಟ್ಟುತ್ತಿರಲಿಲ್ಲ. ಅದನ್ನು ರಿಪೇರಿ ಮಾಡಿ ಇನ್ನೊಬ್ಬರ 800ಕ್ಕೆ ಹಾಕುತ್ತೇನೆಂದು ಒಯ್ದ. ಎಷ್ಟಾಯಿತೋ ಎಂದು ಕೇಳಿದ್ದಕ್ಕೆ ಕಾರ್ಬನ್ನು, ಬುಷ್ಷಿನ ಹಣ ಮಾತ್ರ ತೆಗೆದುಕೊಂಡ, ಉಳಿದದ್ದನ್ನು ಎಷ್ಟು ಒತ್ತಾಯಿಸಿದರೂ ಮುಟ್ಟಲಿಲ್ಲ. ಹೊರಡುವಾಗ, ಅಮ್ಮಾವ್ರು ಈ ವರ್ಷ ಅಪ್ಪೆಮಿಡಿ ಹಾಕಿದ್ದಾರೋ ಎಂದು ವಿಚಾರಿಸಿದ. ಆ ವರ್ಷ ಹಾಕಲಾಗಿರಲಿಲ್ಲ. ಹಿಂದಿನ ವರ್ಷದ್ದು ಸಣ್ಣ ಭರಣಿಯಲ್ಲಿ ಅರ್ಧದಷ್ಟು ಉಳಿದಿತ್ತು, ಆಕೆ ಭರಣಿಯ ಸಮೇತ ಕೊಟ್ಟಳು. ಆ ಭರಣಿ ಇನ್ನೂ ಅವನಲ್ಲೇ ಇದೆ.